ಐದು ಬೆರಳು, ಐದು ಹೆಸರು



ಗೋವಾದ ವಾಸ್ಕೊ ಪಕ್ಕದ ಝುವಾರಿನಗರದಲ್ಲಿ ಉತ್ತರ ಕರ್ನಾಟಕದಿಂದ ದುಡಿಯಲು ಬಂದ ಎಷ್ಟೋ ಕುಟುಂಬಗಳಿವೆ. ಮಳೆಗಾಲದ ಒಂದು ಬೆಳಿಗ್ಗೆ ಅಲ್ಲಿನ ಮಕ್ಕಳ ತರಗತಿಯೊಂದರಲ್ಲಿ ಕೂತಿದ್ದೆ.

ಅಂದು ಜೂನ್ 26, ಮಾದಕವಸ್ತು ವಿರೋಧಿ ದಿನ. 1987ರಲ್ಲಿ ವಿಶ್ವಸಂಸ್ಥೆ ಗೊತ್ತು ಮಾಡಿದ್ದು. ಈ ದಿನ ಶಾಲೆಗಳಲ್ಲಿ ಸಾಮಾನ್ಯವಾಗಿ ಏನಿರುತ್ತದೆ? ಒಂದು ಮೆರವಣಿಗೆ, ನಾಲ್ಕು ಘೋಷಣೆ, ಚಿತ್ರಪಟದ ಮೇಲೊಂದು ತಲೆಬುರುಡೆ. ತಲೆಬುರುಡೆ ಬಿಡಿಸುವುದೆಂದರೆ ಹುಡುಗರಿಗೆ ಬಲು ಖುಷಿ. ಹೆದರಿಕೆಯಂತೂ ಇಲ್ಲ!

ಈ ತರಗತಿಯ ಟೀಚರು ತಲೆಬುರುಡೆಯ ಗೊಡವೆಗೆ ಹೋಗಲಿಲ್ಲ. ಹಳೆಯ ಕ್ಯಾಲೆಂಡರಿನ ಹಾಳೆ ಹಂಚಿದರು. ಅದರ ಬೆನ್ನಿಗೆ ಅಂಗೈ ಇಟ್ಟು, ಸುತ್ತ ಪೆನ್ಸಿಲ್ ಗೆರೆ ಎಳೆಯಬೇಕು. ಒಂದೊಂದು ಬೆರಳಿಗೆ ಒಂದೊಂದು ಹೆಸರು ಬರೆಯಬೇಕು.

"ಯಾರಾದ್ರೂ ಗುಟ್ಕಾನೋ, ಗುಳಿಗೇನೋ ಕೈಗಿಟ್ಟು ತಿನ್ನು ಅಂದ್ರೆ, ಬೈತಾರೆ ಅನ್ನೋ ಭಯ ಇಲ್ಲದೆ ಯಾರಿಗೆ ಹೇಳ್ತೀರಿ? ಅವರ ಹೆಸರು ಬರೀರಿ."

ಮಕ್ಕಳು ಅವ್ವ, ಅಕ್ಕ, ಟೀಚರ್ ಎಂದು ಸರಸರ ಬರೆದರು. ಒಬ್ಬ ಹುಡುಗ ಮಾತ್ರ ಮೂರು ಬೆರಳು ತುಂಬಿಸಿ ಪೆನ್ಸಿಲ್ ಕಚ್ಚುತ್ತ ಕೂತ.

"ಅಪ್ಪನ ಹೆಸರು?" ಅಂದೆ.

"ಅಪ್ಪ ನಾ ಮಲಗಿದ ಮ್ಯಾಲೆ ಬರ್ತಾನ್ರೀ."

ಟೀಚರು ಒತ್ತಾಯಿಸಲಿಲ್ಲ. ಖಾಲಿ ಬೆರಳು ಖಾಲಿಯೇ ಉಳಿಯಿತು. ಅಂಗೈ ನಡುವೆ ವ್ಯಸನಮುಕ್ತಿ ಸಹಾಯವಾಣಿಯ ಸಂಖ್ಯೆ ಬರೆಸಿದರು: 14446. ಆಮೇಲೆ ಕತ್ತರಿಸಿದ ಕಾಗದದ ಕೈಗಳನ್ನೆಲ್ಲ ದಾರಕ್ಕೆ ಪೋಣಿಸಿ ಕಿಟಕಿಗೆ ಕಟ್ಟಿದರು. ಮಳೆಗಾಳಿಗೆ ಅವು ಅಲುಗಾಡುತ್ತಿದ್ದವು.

ನನಗೆ ಆ ಖಾಲಿ ಬೆರಳುಗಳೇ ನೆನಪಿನಲ್ಲಿ ಉಳಿದವು.

ಇವತ್ತು ಸಂಜೆ ನಿಮ್ಮ ಮನೆಯ ಮಗುವಿಗೂ ಒಂದು ಹಾಳೆ ಕೊಡಿ. ನಿಮ್ಮ ಹೆಸರು ಯಾವ ಬೆರಳಿಗೆ ಬರುತ್ತದೆ, ನೋಡಿ.