ಸೈನ್ಯದಲ್ಲಿ ಸ್ತ್ರೀಯರು

ಚಿತ್ರದುರ್ಗದ ಕೋಟೆಯನ್ನು ನೋಡಹೋದವರು ಓಬವ್ವನ ಕಿಂಡಿಯ ಮುಂದೆ ಒಂದು ಗಳಿಗೆ ನಿಲ್ಲದೆ ಬರುವುದಿಲ್ಲ. ಕಾವಲುಗಾರನಾದ ಗಂಡ ಊಟಕ್ಕೆ ಕುಳಿತಿದ್ದಾನೆ, ನೀರಿಗೆಂದು ಹೊರಟ ಹೆಂಡತಿಯ ಕಣ್ಣಿಗೆ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳುತ್ತಿರುವ ಹೈದರನ ಸೈನಿಕರು ಬೀಳುತ್ತಾರೆ, ಒನಕೆಯೇ ಆಯುಧವಾಗುತ್ತದೆ. ಈ ಕಥೆಯನ್ನು ಕೇಳಿಕೊಂಡೇ ನಾವೆಲ್ಲರೂ ಬೆಳೆದವರು. ಆದರೆ ಅದರಲ್ಲಿ ಅಡಗಿರುವ ಒಂದು ಮಾತನ್ನು ನಾವು ಅಷ್ಟಾಗಿ ಗಮನಿಸಿದವರಲ್ಲ. ಪಹರೆಯ ಉದ್ಯೋಗ ಗಂಡನದು. ಓಬವ್ವ ನಡೆಸಿದುದು ಸೈನಿಕನ ಕಾರ್ಯವಾದರೂ ಅವಳು ಸೈನಿಕಳಲ್ಲ.

ಆಪತ್ಕಾಲದ ಶೌರ್ಯ ಒಂದು. ನೇಮಕ, ದರ್ಜೆ, ವೇತನಗಳುಳ್ಳ ಸೇವೆ ಇನ್ನೊಂದು. ಮೊದಲನೆಯದನ್ನು ಕೊಂಡಾಡುವುದಕ್ಕೆ ನಾವೆಂದೂ ಹಿಂಜರಿಯಲಿಲ್ಲ. ಎರಡನೆಯದನ್ನು ಕೊಡುವುದಕ್ಕೆ ಬಹುಕಾಲ ಹಿಡಿಯಿತು.

ಈ ಎರಡನೆಯ ಬಾಗಿಲನ್ನು ಮೊದಲು ತೆರೆದುದು ರೋಗಿಗಳ ಶುಶ್ರೂಷೆ. 1888ರಲ್ಲಿ ಇಂಗ್ಲೆಂಡಿನಿಂದ ಬಂದ ಕೆಲವೇ ಮಂದಿ ದಾದಿಯರು ಭಾರತದ ಸೈನಿಕ ಆಸ್ಪತ್ರೆಗಳಲ್ಲಿ ಕಾರ್ಯಾರಂಭ ಮಾಡಿದರು. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಸೇನೆಯ ಭಾರತೀಯ ದಾದಿಯರಿಗೆ ಅಧಿಕಾರಿಗಳ ದರ್ಜೆ ದೊರೆಯಿತು. ವೈದ್ಯ ಮತ್ತು ಶುಶ್ರೂಷೆಗಳ ಹೊರಗಣ ಶಾಖೆಗಳಿಗೆ ಪ್ರವೇಶ ಲಭಿಸಿದುದಾದರೋ 1992ರಲ್ಲಿ. ಅದೂ ಮೊದಲಿಗೆ ಐದೇ ವರ್ಷಗಳ ಅವಧಿಗೆ. ಕ್ರಮೇಣ ಆ ಅವಧಿ 14 ವರ್ಷಗಳವರೆಗೆ ಬೆಳೆಯಿತು. ಆದರೆ ವಿಶ್ರಾಂತಿವೇತನಕ್ಕೆ 20 ವರ್ಷಗಳ ಸೇವೆ ಬೇಕು. ಯೌವನವನ್ನೆಲ್ಲ ಸೇನೆಗೆ ಸಲ್ಲಿಸಿದವರು ನಡುವಯಸ್ಸಿನಲ್ಲಿ ಬರಿಗೈಯಲ್ಲಿ ಮನೆಗೆ ಮರಳಬೇಕಾಗಿತ್ತು. ಹೊಗಳಿಕೆಯಿಂದ ಸಂಸಾರ ಸಾಗುವುದುಂಟೆ?

ಈ ಅನ್ಯಾಯವನ್ನು ಅಧಿಕಾರಿಣಿಯರೇ ನ್ಯಾಯಾಲಯಕ್ಕೆ ಒಯ್ದರು. ವರ್ಷಗಟ್ಟಲೆ ನಡೆದ ವ್ಯಾಜ್ಯದ ಬಳಿಕ, 2020ರ ಫೆಬ್ರವರಿ 17ರಂದು, ಅವರೂ ಖಾಯಂ ಸೇವೆಗೆ ಅರ್ಹರೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು; ಸ್ತ್ರೀಯೆಂಬ ಒಂದೇ ಕಾರಣದಿಂದ ಅಧಿಪತ್ಯದ ಸ್ಥಾನಗಳನ್ನು ಸಾರಾಸಗಟಾಗಿ ನಿರಾಕರಿಸಲಾಗದೆಂದೂ ಹೇಳಿತು.

ಅಧಿಕಾರಿಗಳ ಮಾತಾಯಿತು, ಸಾಮಾನ್ಯ ಸಿಪಾಯಿಗಳ ಮಾತೇನು? ಅದಕ್ಕೆ ನಮ್ಮ ಬೆಂಗಳೂರೇ ಸಾಕ್ಷಿ. ದೇಶದ ನಾನಾ ಭಾಗಗಳಿಂದ ಬಂದ 83 ಮಂದಿ ತರುಣಿಯರು ಇಲ್ಲಿಯ ಸೇನಾ ಪೊಲೀಸ್ ಕೇಂದ್ರದಲ್ಲಿ 61 ವಾರಗಳ ಶಿಕ್ಷಣವನ್ನು ಮುಗಿಸಿ, 2021ರ ಮೇ 8ರಂದು ಸೇನೆಯನ್ನು ಸೇರಿದರು. ಶಾಂತಿಕಾಲದಲ್ಲಿ ಶಿಸ್ತಿನ ಪಾಲನೆ, ಯುದ್ಧಕಾಲದಲ್ಲಿ ಸೆರೆಯಾಳುಗಳ ಕಾವಲು, ಎರಡನ್ನೂ ಅವರು ಕಲಿತಿದ್ದರು.

ಕಾವಲಿನ ಕೆಲಸ ಈಗ ಗಂಡನದು ಮಾತ್ರವಲ್ಲ. ಓಬವ್ವನಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ ಇದೇ: ಅವಳಂಥವರ ಹೆಸರು ಲಾವಣಿಯಲ್ಲಿರುವಂತೆಯೇ ಸಂಬಳದ ಪಟ್ಟಿಯಲ್ಲಿಯೂ ಇರಬೇಕು.