ಕೇಳದೆ ಹೋದ ಮರುದನಿ

ಕಡಲಡಿಯ ನೆಲವನ್ನು ಕಾಣುವುದೆಂದರೆ, ಶ್ರೋತೃಗಳೆ, ಅದನ್ನು ಕೇಳುವುದು. ಹಡಗು ಅದುಮಿಟ್ಟ ಗಾಳಿಯನ್ನು ಥಟ್ಟನೆ ನೀರಿಗೆ ಬಿಡುತ್ತದೆ. ಆ ಸದ್ದು ಶಿಲಾಸ್ತರಗಳಿಗೆ ತಾಕಿ ಮರುದನಿಯಾಗಿ ಹಿಂದಿರುಗುತ್ತದೆ. ಹಡಗು ಎಳೆದೊಯ್ಯುವ ಕಿಲೋಮೀಟರುಗಟ್ಟಲೆ ಕೇಬಲ್ಲಿನಲ್ಲಿ ಹೈಡ್ರೋಫೋನುಗಳ ಸಾಲು. ಒಂದೊಂದೂ ಒಂದೊಂದು ಗೆರೆಯನ್ನು ಬರೆದುಕೊಳ್ಳುತ್ತದೆ. ಆದರೆ ಪ್ರವಾಹ ಕೇಬಲ್ಲನ್ನು ಓರೆಮಾಡುತ್ತದೆ. ತೈಲಬಾವಿಯ ಕಟ್ಟೆಯ ಹತ್ತಿರಕ್ಕೆ ಹಡಗು ಸುಳಿಯುವಂತಿಲ್ಲ. ದಾಖಲೆಯಲ್ಲಿ ತೆರಪು ಬೀಳುತ್ತದೆ.

ತೆರಪು ತುಂಬಲು ಮೊದಲಿನಿಂದ ಫೂರಿಯೇ ಗಣಿತವಿತ್ತು, ಈಗಲೂ ಇದೆ. ಈಚೆಗೆ ಬಂದದ್ದು ಡೀಪ್ ಲರ್ನಿಂಗ್. 2015ರಲ್ಲಿ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಜೀವಕೋಶಗಳ ಚಿತ್ರಕ್ಕೆಂದು ರೂಪುಗೊಂಡ ಯೂ-ನೆಟ್ ಎಂಬ ಜಾಲ ಈ ಕೆಲಸಕ್ಕೂ ಒದಗಿತು. ಪಾಠಕ್ರಮ ಶಾಲೆಯ ‘ಬಿಟ್ಟ ಸ್ಥಳ ತುಂಬಿರಿ’ಯದೇ: ಪೂರ್ಣ ದಾಖಲೆಯ ಕೆಲವು ಗೆರೆಗಳನ್ನು ಮುಚ್ಚಿ ಊಹಿಸೆನ್ನುವುದು, ತಪ್ಪಿದಷ್ಟನ್ನು ತಿದ್ದುವುದು, ಹೀಗೆ ಸಾವಿರಾರು ಸಲ.

ಉತ್ತರ ಸಮುದ್ರದ ಡಚ್ ಭಾಗದಲ್ಲಿ ಎಫ್-3 ಎಂಬ ಪ್ರದೇಶವಿದೆ. ಅಲ್ಲಿ 1987ರಲ್ಲಿ ನಡೆದ ಸಮೀಕ್ಷೆಯ ದಾಖಲೆ ಎಲ್ಲರಿಗೂ ಮುಕ್ತ, ನಾನೂ ಕೈಯಾಡಿಸಿದೆ. ಅಲ್ಲೊಂದು ಇಲ್ಲೊಂದು ಗೆರೆ ಕದ್ದಾಗ ಜಾಲ ಸೊಗಸಾಗಿ ತುಂಬಿತು. ಬಳಿಕ ಸ್ತರಭಂಗವಿದ್ದ, ಎಂದರೆ ಸ್ತರಗಳು ಸೀಳಿ ಜಾರಿದ್ದ, ಅಗಲವಾದ ಪಟ್ಟಿಯನ್ನೇ ಮುಚ್ಚಿದೆ. ಎರಡು ಅಂಚನ್ನೂ ನಯವಾಗಿ ಹೊಲಿದುಕೊಟ್ಟಿತು! ಹೊಲಿಗೆಯೂ ಕಾಣದು, ಭಂಗವೂ ಇಲ್ಲ. ಅದು ಕಲಿತ ಪಾಠದಲ್ಲಿ ಅಖಂಡ ಸ್ತರಗಳೇ ಹೆಚ್ಚು, ಅದರ ತಪ್ಪೇನು? ಆದರೆ ತೈಲ ತಡೆದು ನಿಲ್ಲುವುದು, ಇಲ್ಲವೆ ಸೋರಿಹೋಗುವುದು, ಎಷ್ಟೋ ಸಲ ಇಂಥ ಭಂಗದ ಬಳಿಯಲ್ಲೇ.

ತಾಳೆಗರಿಯಲ್ಲಿ ಹುಳು ತಿಂದ ಅಕ್ಷರವನ್ನು ಊಹಿಸಿದ ಸಂಪಾದಕ ಅದನ್ನು ಕಂಸದೊಳಗಿಡುತ್ತಾನೆ. ನನ್ನ ಜಾಲಕ್ಕೆ ಆ ಸಂಕೋಚವಿರಲಿಲ್ಲ. ತುಂಬಿಸಿದ ಗೆರೆಗಳಿಗೆ ಈಗ ನಾನೇ ಬೇರೆ ಬಣ್ಣ ಕೊಟ್ಟಿದ್ದೇನೆ. ಚಿತ್ರ ಮೊದಲಿನಷ್ಟು ಚೆನ್ನಾಗಿ ಕಾಣುವುದಿಲ್ಲ.