ಗುರುವಿನ ಭಾರ ಹೊರುವವರು ಯಾರು?

(ಮಸಗುಪ್ಪಿಯ ಶಿವಾನುಭವ ಗೋಷ್ಠಿಯಲ್ಲಿ ಆಡಿದ ಮಾತು)

 

ಶಿವಾನುಭವದಲ್ಲಿ ಸಿನಿಮಾದ ಮಾತೇಕೆ ಎಂದು ಯಾರಾದರೂ ಕೇಳಬಹುದು. ನಾನು ಸರ್ಕಾರದ ನೀರಾವರಿ ಕೆಲಸಗಳಲ್ಲಿ ಎಂಜಿನಿಯರ್ ಆಗಿ ದುಡಿದು ನಿವೃತ್ತನಾದವನು. ಸಿನಿಮಾ ವಿಮರ್ಶೆ ನನ್ನ ಕಾಯಕವಲ್ಲ. ಆದರೆ ಶಾಲೆಯನ್ನು ಕುರಿತ ಮೂರು ಚಿತ್ರಗಳು ನನ್ನ ಮುಂದೆ ಒಂದೇ ಪ್ರಶ್ನೆ ಇಟ್ಟಿವೆ. ಮಕ್ಕಳ ಭಾರವನ್ನು ಗುರು ಹೊರುತ್ತಾರೆ. ಆ ಗುರುವಿನ ಭಾರ ಹೊರುವವರು ಯಾರು?

ಮೊದಲನೆಯದು 1958ರ ‘ಸ್ಕೂಲ್ ಮಾಸ್ಟರ್’. ಬಿ. ಆರ್. ಪಂತುಲು ಅವರೇ ನಿರ್ದೇಶಿಸಿ, ರಂಗಪ್ಪ ಮಾಸ್ತರರ ಪಾತ್ರ ಮಾಡಿದ ಚಿತ್ರ. ಹೆಂಡತಿಯ ಪಾತ್ರದಲ್ಲಿ ಎಂ. ವಿ. ರಾಜಮ್ಮ. ಇಲ್ಲಿರುವ ಹಿರಿಯರು ನೋಡಿರುತ್ತೀರಿ. ಆ ಚಿತ್ರದ ಪ್ರಾರ್ಥನೆಯನ್ನು ನಾಡಿನ ಎಷ್ಟೋ ಶಾಲೆಗಳಲ್ಲಿ ಮಕ್ಕಳು ಹಾಡಿದ್ದಾರೆ. ಮಾಸ್ತರರು ತುಂಟ ಹುಡುಗರನ್ನು ಪ್ರೀತಿಯಿಂದಲೇ ದಾರಿಗೆ ತರುತ್ತಾರೆ. ನಿವೃತ್ತಿಯಾದ ಮೇಲೆ ಹೆತ್ತ ಮಕ್ಕಳೇ ಕೈಬಿಡುತ್ತಾರೆ, ಮನೆ ಹರಾಜಿಗೆ ಬರುತ್ತದೆ. ಆಗ ಆ ಮನೆಯನ್ನು ಉಳಿಸಿಕೊಡುವವನು ಪೊಲೀಸ್ ಅಧಿಕಾರಿಯಾಗಿರುವ ಅವರ ಹಳೆಯ ವಿದ್ಯಾರ್ಥಿ. ಶಿವಾಜಿ ಗಣೇಶನ್ ಮಾಡಿದ ಆ ಪಾತ್ರ ಕಂಡು ಕಣ್ಣೊರೆಸಿಕೊಂಡವರು ಬಹಳ. ಆದರೆ ವಿಚಾರ ಮಾಡಿ ನೋಡಿ: ನೆರವು ಬಂದದ್ದು ಎಲ್ಲ ಮುಗಿದ ಮೇಲೆ. ಮಾಸ್ತರರು ದುಡಿಯುತ್ತಿದ್ದ ಕಾಲದಲ್ಲಿ ಊರು ಎಲ್ಲಿತ್ತು?

ಎರಡನೆಯದು ಇಂಗ್ಲಿಷಿನದು. 2025ರಲ್ಲಿ ಬಂದ ‘ಸ್ಟೀವ್’. ಮೊಮ್ಮಗ ಮೊಬೈಲಿನಲ್ಲಿ ಹಚ್ಚಿಕೊಟ್ಟ. ಮ್ಯಾಕ್ಸ್ ಪೋರ್ಟರ್ ಅವರ ‘ಶೈ’ ಎಂಬ ಕಾದಂಬರಿಯನ್ನು ಆಧರಿಸಿದ್ದು. 1996ರ ಇಂಗ್ಲೆಂಡು, ಬೇರೆ ಶಾಲೆಗಳಿಗೆ ಬೇಡವಾದ ಹುಡುಗರಿಗಾಗಿಯೇ ಇರುವ ವಸತಿ ಶಾಲೆ. ಹುಡುಗರು ಬೈಯುತ್ತಾರೆ, ಹೊಡೆದಾಡುತ್ತಾರೆ. ಅದೇ ದಿನ ಟಿವಿಯವರು ಚಿತ್ರೀಕರಣಕ್ಕೆ ಬಂದಿದ್ದಾರೆ. ಅದೇ ದಿನ ಶಾಲೆ ಮುಚ್ಚುವ ಸುದ್ದಿಯೂ ಬರುತ್ತದೆ. ಮುಖ್ಯ ಗುರು ಸ್ಟೀವ್ ಒಬ್ಬೊಬ್ಬ ಹುಡುಗನನ್ನೂ ತಬ್ಬಿ ಸಮಾಧಾನ ಮಾಡುತ್ತಾನೆ. ಆದರೆ ಅವನ ಎದೆಯಲ್ಲೇ ಹಳೆಯದೊಂದು ನೋವಿದೆ. ಅದನ್ನು ಯಾರಿಗೂ ಹೇಳದೆ ಕುಡಿತಕ್ಕೂ ಗುಳಿಗೆಗೂ ಅಂಟಿಕೊಂಡಿದ್ದಾನೆ. ಶೈ ಎಂಬ ಹುಡುಗ ಬೆನ್ನಚೀಲದಲ್ಲಿ ಕಲ್ಲು ತುಂಬಿಕೊಂಡು ನೀರಿನ ಕಡೆಗೆ ನಡೆಯುತ್ತಾನೆ. ಪುಣ್ಯಕ್ಕೆ ಬದುಕಿ ಮರಳುತ್ತಾನೆ. ಹುಡುಗನ ಬೆನ್ನ ಮೇಲಿನ ಕಲ್ಲು ನಮಗೆ ಕಾಣುತ್ತದೆ. ಗುರುವಿನ ಬೆನ್ನ ಮೇಲಿನದು ಕಾಣುವುದಿಲ್ಲ.

ಆ ಹುಡುಗರಿಗೂ ನಮ್ಮ ಮಕ್ಕಳಿಗೂ ಏನು ಸಂಬಂಧ ಅನ್ನಬೇಡಿ. ಶಿಕ್ಷಣ ಹಕ್ಕಿನ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಗುವಿಗೆ ಅದು ಓದುವ ಹಕ್ಕು ಕೊಟ್ಟಿದೆ. ಎಂಟನೆಯ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ, ಹೊಡೆಯುವಂತಿಲ್ಲ, ಮನಸ್ಸು ನೋಯಿಸುವಂತಿಲ್ಲ. ಒಳ್ಳೆಯ ಕಾಯ್ದೆ. ಹಾಗಾಗಿ ನಮ್ಮಲ್ಲಿ ಮಕ್ಕಳನ್ನು ಯಾರೂ ಹೊರಹಾಕುವುದಿಲ್ಲ. ಅವರೇ ಸದ್ದಿಲ್ಲದೆ ಜಾರಿಹೋಗುತ್ತಾರೆ. ಕಬ್ಬಿನ ಹಂಗಾಮಿನಲ್ಲಿ ಗ್ಯಾಂಗಿನ ಜೊತೆ ಹೋಗುವ ಹುಡುಗ, ತಮ್ಮನನ್ನು ಎತ್ತಿಕೊಂಡು ಮನೆಯಲ್ಲೇ ಉಳಿಯುವ ಹುಡುಗಿ, ಅಪ್ಪನ ಕುಡಿತಕ್ಕೆ ಹೆದರಿ ರಾತ್ರಿ ನಿದ್ದೆಗೆಟ್ಟು ಬೆಂಚಿನ ಮೇಲೆ ತೂಕಡಿಸುವ ಮಗು. ಇವರಿಗೆಲ್ಲ ನಾವಿಟ್ಟ ಒಂದೇ ಹೆಸರು ‘ದಡ್ಡ’.

ಈಗ ಮುಖ್ಯ ಗುರುಗಳ ಮೇಜು ನೋಡಿ. ಪಾಠವಿದೆ, ಅಕ್ಷರ ದಾಸೋಹದ ಅಕ್ಕಿ-ಬೇಳೆ ಲೆಕ್ಕ, ಹಾಲಿನ ಲೆಕ್ಕ, ಕಟ್ಟಡದ ಸೋರಿಕೆ, ಚುನಾವಣೆ, ಗಣತಿ, ದಿನಕ್ಕೊಂದು ಮಾಹಿತಿ ಕೇಳುವ ಮೊಬೈಲು, ಎಲ್ಲವೂ ಇವೆ. ಮಗು ಎರಡು ದಿನ ಬರಲಿಲ್ಲವೆಂದರೆ ಮನೆಗೆ ಹೋಗಿ ವಿಚಾರಿಸಲು ಅವರಿಗೆ ಎಲ್ಲಿಂದ ಪುರುಸೊತ್ತು ಬರಬೇಕು?

ನನ್ನ ಕಾಯಕದಿಂದ ಒಂದು ಮಾತು ಹೇಳುತ್ತೇನೆ. ನಮ್ಮ ಘಟಪ್ರಭೆಗೆ ಹಿಡಕಲ್ಲಿನಲ್ಲಿ ಕಟ್ಟೆ ಹಾಕಿದ್ದಾರೆ. ಯಾವ ಮಣ್ಣಿನ ಕಟ್ಟೆಯೂ ನೀರನ್ನು ಪೂರ್ತಿ ತಡೆಯುವುದಿಲ್ಲ. ಸ್ವಲ್ಪ ಜಿನುಗಿಯೇ ಜಿನುಗುತ್ತದೆ. ಜಿನುಗಿದ ನೀರು ಹೊರಹೋಗಲು ಬುಡದಲ್ಲಿ ದಾರಿ ಮಾಡಿ, ಎಷ್ಟು ಬಂತೆಂದು ಅಳೆದು ಬರೆದಿಡುತ್ತಾರೆ. ತಿಳಿನೀರು ಬಂದರೆ ಹೆದರಿಕೆಯಿಲ್ಲ. ರಾಡಿನೀರು ಬಂದರೆ ಒಳಗೆ ಮಣ್ಣು ಕೊಚ್ಚುತ್ತಿದೆ ಎಂದರ್ಥ. ಆ ಹೊತ್ತಿಗೇ ಓಡಬೇಕು. ಮಗುವಿನ ಗೈರುಹಾಜರಿಯೂ ಗುರುವಿನ ಸಿಡುಕೂ ರಾಡಿನೀರು ಇದ್ದ ಹಾಗೆ. ನಾವು ಕಟ್ಟೆ ಒಡೆದ ಮೇಲೆ ಓಡುತ್ತೇವೆ.

ಊರು ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ಮೂರನೆಯ ಚಿತ್ರವಿದೆ. 2018ರಲ್ಲಿ ರಿಷಬ್ ಶೆಟ್ಟಿ ನಿರ್ದೇಶಿಸಿದ, ಕಾಸರಗೋಡಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಕಥೆ. ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದದ್ದು. ಕನ್ನಡ ಶಾಲೆಗೆ ಕನ್ನಡ ಬಾರದ ಗಣಿತದ ಮಾಸ್ತರರು ಬರುತ್ತಾರೆ, ಶಾಲೆಗೆ ಬೀಗ ಬೀಳುತ್ತದೆ. ಅಲ್ಲಿ ಪದೇಪದೇ ನಪಾಸಾದ ಹುಡುಗನಿಗೂ ಪ್ರವೀಣನೆನ್ನುವ ಹೆಸರಿನ ಹಿಂದೆ ‘ದಡ್ಡ’ ಎಂದೇ ಅಂಟಿಸಿದ್ದಾರೆ. ಆದರೆ ಮಕ್ಕಳೂ ಊರವರೂ ಸೇರಿ ನ್ಯಾಯಾಲಯದವರೆಗೆ ಹೋಗಿ ಶಾಲೆ ಉಳಿಸಿಕೊಳ್ಳುತ್ತಾರೆ. ಗಡಿಭಾಗದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಜಿಲ್ಲೆಗೂ ಇದು ಹೊಸದಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆ ಕಟ್ಟಿದ ಸಪ್ತರ್ಷಿಗಳನ್ನು ನಾವು ನೆನೆಯುತ್ತೇವೆ. ಶಿರಸಂಗಿ ಲಿಂಗರಾಜರು ತಮ್ಮ ಆಸ್ತಿಯನ್ನೇ ಮಕ್ಕಳ ಓದಿಗೆ ಬರೆದಿಟ್ಟರು. ನಾಗನೂರು ರುದ್ರಾಕ್ಷಿಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದ ಬಡಮಕ್ಕಳು ಅಸಂಖ್ಯ. ಕಲಿಸುವವರ ಬೆನ್ನಿಗೆ ಉಣಿಸುವವರು, ಕೊಡುವವರು ನಿಂತಿದ್ದರು. ಸರ್ಕಾರವೇ ಬಿಸಿಯೂಟಕ್ಕೆ ‘ದಾಸೋಹ’ ಎಂಬ ಶರಣರ ಮಾತನ್ನು ಇಟ್ಟಿದೆ. ಅನ್ನದ ದಾಸೋಹ ನಡೆದಿದೆ. ಹೊತ್ತಿನ ದಾಸೋಹ ಬಾಕಿ ಇದೆ.

ಅದಕ್ಕೆ ಮೂರು ಬೇಡಿಕೆ. ಒಂದು, ತಿಂಗಳ ಶಿವಾನುಭವದಲ್ಲಿ ಮುಖ್ಯ ಗುರುಗಳಿಗೆ 10 ನಿಮಿಷ ಕೊಡಿ. ಸನ್ಮಾನದ ಶಾಲು ಬೇಡ. ‘ಏನು ಕಷ್ಟವಿದೆ ಸರ್’ ಎಂದು ಕೇಳಿ. ಎರಡು, ಓಣಿಗೆ ಇಬ್ಬರಂತೆ, ಅದರಲ್ಲಿ ಒಬ್ಬ ತಾಯಿ ಇರಲಿ, ಶಾಲೆಗೆ ಬಾರದ ಮಗುವಿನ ಮನೆಗೆ 3 ದಿನದೊಳಗೆ ಹೋಗಿ ಬನ್ನಿ. ಬೈಯಲು ಅಲ್ಲ, ವಿಚಾರಿಸಲು. ಮೂರು, ಹಂಗಾಮಿಗೆ ಹೋಗುವ ಕುಟುಂಬದ ಮಕ್ಕಳನ್ನು ಇಲ್ಲೇ ಉಳಿಸಿಕೊಂಡು ಉಣಿಸಿ ಓದಿಸುವ ಏರ್ಪಾಟನ್ನು ಮಠ ವಹಿಸಿಕೊಳ್ಳಲಿ ಎಂದು ಪೂಜ್ಯರಲ್ಲಿ ಬೇಡುತ್ತೇನೆ.

ನಿವೃತ್ತರಾದ ನಾವು ಕಟ್ಟೆಯ ಮೇಲೆ ಕುಳಿತು ಸಾಲಿ ಕೆಟ್ಟಿತು ಎಂದು ಹೇಳುವುದನ್ನು ಬಿಡೋಣ. ನನಗೆ ಗಣಿತ ಬರುತ್ತದೆ. ಸಂಜೆ 1 ತಾಸು, ಎಲ್ಲರೂ ‘ದಡ್ಡ’ ಎಂದು ಬಿಟ್ಟ ಮಕ್ಕಳನ್ನೇ ನನಗೆ ಕೊಡಿ ಎಂದು ಇಲ್ಲಿರುವ ಗುರುಗಳನ್ನು ಕೇಳಿಕೊಳ್ಳುತ್ತೇನೆ. ಉಳಿದ ವಿಷಯಗಳಿಗೆ ಯಾರು ಬರುತ್ತೀರಿ? ಸಭೆ ಮುಗಿದ ಮೇಲೆ ಹೆಸರು ಬರೆಸಿ ಹೋಗಿ.